ನನ್ನ ಪಾಲಿನ ಮಧುನಾಶಿನಿ

ಅಂಗಾಲು ಸುಟ್ಟದ್ದು ನನಗೆ ಗೊತ್ತಾಗಲೇ ಇಲ್ಲ. ಮೇ ತಿಂಗಳ ಮಧ್ಯಾಹ್ನ, ಕ್ರೋಂಪೇಟೆಯ ನಮ್ಮ ಮನೆ ಹತ್ತಿರದ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದೆ. ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಉಳಿದವರೆಲ್ಲ ತುದಿಗಾಲಲ್ಲಿ ಹಾರುತ್ತಾ ನೆರಳು ಸೇರುತ್ತಿದ್ದರು. ನಾನೊಬ್ಬಳು ನಿಧಾನವಾಗಿ, ಎಣಿಸಿ ಹೆಜ್ಜೆ ಇಡುತ್ತಿದ್ದೆ. ಹೂ ಮಾರುವವಳು ಕೈ ಮುಗಿದು, ಅಮ್ಮನಿಗೆ ಎಂಥ ಭಕ್ತಿ ಎಂದಳು. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ವರ್ಷಗಟ್ಟಲೆ ಮೈಯಲ್ಲಿದ್ದ ಸಕ್ಕರೆ ಕಾಯಿಲೆ ನನ್ನ ಪಾದದ ಸ್ಪರ್ಶವನ್ನು ಯಾವಾಗಲೋ ತಿಂದು ಮುಗಿಸಿತ್ತು.

ಮನೆಯ ಬಿಳಿ ಟೈಲ್ಸ್ ಮೇಲೆ ಒದ್ದೆ ಗುರುತು ಮೂಡಿದ್ದನ್ನು ಮೊದಲು ನೋಡಿದವಳು ಮಗಳು ಶುಭಾ. ಅವಳು ಈ ತಮಿಳರ ಊರಿನಲ್ಲೇ ಹುಟ್ಟಿ ಇಲ್ಲೇ ಓದಿ ಇಲ್ಲೇ ಬ್ಯಾಂಕಿನಲ್ಲಿ ಕೆಲಸಕ್ಕಿರುವವಳು. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. "ಅಮ್ಮಾ, ಕಾಲೈ ಕಾಟ್ಟು" ಎಂದು ಕಾಲು ಎತ್ತಿಸಿ ನೋಡಿದಳು, ಅಷ್ಟೇ, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಎಡ ಅಂಗಾಲಿನ ಚರ್ಮ ಬೆರಳುಗಳ ಬುಡದಿಂದ ಎದ್ದು ಬಂದಿತ್ತು.

ಇವರು, ಅಂದರೆ ನನ್ನ ಯಜಮಾನರು ಶ್ರೀಪತಿ, ಗಿಂಡಿ ಎಂಬ ಬಡಾವಣೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮುಖ್ಯ ಅಡುಗೆಯವರು. ಉಡುಪಿ ಕಡೆಯಿಂದ ಮದುವೆಗೆ ಮೊದಲೇ ಈ ಊರಿಗೆ ಬಂದವರು. ಸಂಜೆ ಬಂದು ಕಾಲು ನೋಡಿ, "ಎಂತ ಮಾರಾಯ್ತಿ, ಕಾಲು ಬೇಯುವಾಗ ನಿನಗೆ ಗೊತ್ತಾಗುವುದಿಲ್ವಾ?" ಎಂದರು. ಅವರ ಲೋಕದಲ್ಲಿ ಎಲ್ಲವೂ ಬೇಯುತ್ತದೆ, ಕುದಿಯುತ್ತದೆ, ಇಲ್ಲವೇ ತಳ ಹಿಡಿಯುತ್ತದೆ. ನಾನು ನಕ್ಕೆ. ಅವರು ನಗಲಿಲ್ಲ. ಆ ರಾತ್ರಿ ಊಟ ಮಾಡದೆ ಮಲಗಿದರು.

ಗಾಯ ಒಣಗಲಿಲ್ಲ. ವಾರಗಳು ಕಳೆದವು, ಡ್ರೆಸ್ಸಿಂಗ್ ಬದಲಾಯಿತು, ಮುಲಾಮು ಬದಲಾಯಿತು, ಗಾಯ ಮಾತ್ರ ಹಾಗೆಯೇ ಬಾಯಿ ತೆರೆದುಕೊಂಡಿತ್ತು. ದೊಡ್ಡ ಆಸ್ಪತ್ರೆಯ ಸರ್ಜನ್ ನನ್ನ ಮುಖ ನೋಡದೆ ಕಂಪ್ಯೂಟರ್ ನೋಡುತ್ತಾ ಹೇಳಿದರು: ಸಕ್ಕರೆ ಇಳಿಯದೆ ಇದು ಕೂಡುವುದಿಲ್ಲ, ಇದು ಕೂಡದಿದ್ದರೆ ಮೊದಲು ಬೆರಳು ಹೋಗುತ್ತದೆ, ಆಮೇಲೆ ಪಾದ. ತರಕಾರಿ ಅಂಗಡಿಯಲ್ಲಿ ಚೀಲಕ್ಕೆ ಇಷ್ಟು ಎಂದು ಹೇಳುವ ಸ್ವರದಲ್ಲಿ ಹೇಳಿದರು. ಹೊರಗೆ ಬಂದ ಮೇಲೆ ಇವರು ನನ್ನ ಕೈಚೀಲ ತೆಗೆದುಕೊಂಡು, ಛತ್ರಿ ತೆಗೆದುಕೊಂಡು, ನೀರಿನ ಬಾಟಲಿಯನ್ನೂ ತೆಗೆದುಕೊಂಡು ನಡೆದರು. ನನ್ನ ಕೈಯಲ್ಲಿ ಹೊರಲಿಕ್ಕೆ ಏನೂ ಉಳಿಯಲಿಲ್ಲ.

ಅದೇ ಆಸ್ಪತ್ರೆಯಲ್ಲಿ ಹೊಸ ಔಷಧ ಪರೀಕ್ಷಿಸುವ ಒಂದು ಟ್ರಯಲ್ ನಡೆಯುತ್ತಿತ್ತು. ನಡೆಸುತ್ತಿದ್ದವರು ಡಾಕ್ಟರ್ ಮಲರ್ ಎಂಬ ಹೆಂಗಸು. ಶುಭಾಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ತಮಿಳರು ಸಿರುಕುರಿಂಜಾನ್ ಎನ್ನುವ, ನಾವು ಮಧುನಾಶಿನಿ ಎನ್ನುವ ಬಳ್ಳಿಯ ಎಲೆಯ ಸತ್ವವನ್ನು ಕ್ಯಾಪ್ಸೂಲಿನಲ್ಲಿ ತುಂಬಿ ಕೊಡುತ್ತಾರೆ, ಮಾಮೂಲಿ ಮಾತ್ರೆಯ ಜೊತೆಗೆ ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ಅದನ್ನು ನುಂಗಬೇಕು. ಆದರೆ ಅರ್ಧ ಜನಕ್ಕೆ ನಿಜವಾದದ್ದು, ಇನ್ನರ್ಧ ಜನಕ್ಕೆ ಬರೀ ಪಿಷ್ಟ. ಯಾರಿಗೆ ಯಾವುದು ಎಂದು ನಮಗೂ ತಿಳಿಯದು, ಅವರಿಗೂ ತಿಳಿಯದು, ಕಂಪ್ಯೂಟರಿಗೆ ಮಾತ್ರ ಗೊತ್ತು. ಇದನ್ನೆಲ್ಲ ಅವರು ಬಿಡಿಸಿ ಬಿಡಿಸಿ ಹೇಳಿದರು. ಏನೇ ಅನುಮಾನ ಇದ್ದರೂ ಕೇಳಿ, ನಾಚಿಕೆ ಬೇಡ ಎಂದೂ ಹೇಳಿದರು. ನಮ್ಮ ಯಜಮಾನರಿಗೂ ಸಕ್ಕರೆ ಕಾಯಿಲೆ ಇತ್ತು, ನನ್ನಷ್ಟು ಕೆಟ್ಟದ್ದಲ್ಲ. "ನಾನೂ ಸೇರ್ತೇನೆ. ಇಬ್ಬರಲ್ಲಿ ಒಬ್ಬರಿಗಾದರೂ ಸರಿಯಾದದ್ದು ಬರ್ತದಲ್ಲ" ಎಂದರು. ಆಗ ನನಗೆ ಅದು ತಮಾಷೆ ಎನ್ನಿಸಿತು.

ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೋಗಿ ಕೂರುತ್ತಿದ್ದ ಆ ಹಾಲನ್ನು ನಾನು ಮರೆಯಲಾರೆ. ಗೋಡೆಗೆ ಒತ್ತಿ ಹಾಕಿದ ಉಕ್ಕಿನ ಕುರ್ಚಿಗಳು. ಎಲ್ಲರ ಮಡಿಲಲ್ಲೂ ಒಂದೊಂದು ತಿಂಡಿ ಡಬ್ಬಿ. ರಕ್ತ ತೆಗೆಯುವವರೆಗೆ ಅದನ್ನು ತೆರೆಯುವ ಹಾಗಿಲ್ಲ. ಇಡ್ಲಿಗೆ ಹಚ್ಚಿದ ಮಿಳಗಾಯ್ ಚಟ್ನಿಪುಡಿಯ ವಾಸನೆ ಮುಚ್ಚಳದ ಸಂದಿನಿಂದ ಬರುತ್ತಿತ್ತು, ಹಸಿದ ಮುದುಕರು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದರು. ಸೌಕಾರ್‌ಪೇಟೆಯಿಂದ ಬರುತ್ತಿದ್ದ ಒಬ್ಬ ಮಾರ್ವಾಡಿ ಅಜ್ಜಿ ನನ್ನ ಪಕ್ಕವೇ ಕೂರುತ್ತಿದ್ದರು. ಅವರಿಗೆ ಕನ್ನಡ ಬಾರದು, ನನಗೆ ಹಿಂದಿ ಬಾರದು, ಇಬ್ಬರ ತಮಿಳೂ ಅಷ್ಟಕ್ಕಷ್ಟೇ. ಒಂದು ದಿನ ಡ್ರೆಸ್ಸಿಂಗ್ ಬಿಚ್ಚಿದಾಗ ವಾಸನೆ ಬಂದು ಪಕ್ಕದವರು ಎದ್ದು ಬೇರೆ ಕಡೆ ಹೋಗಿ ಕುಳಿತರು. ಅಜ್ಜಿ ಮಾತ್ರ ಕದಲಲಿಲ್ಲ. ಸೆರಗಿನ ತುದಿಯಿಂದ ನನ್ನ ಕಣ್ಣು ಒರೆಸಿ, ತನ್ನ ಕಾಲು ಚಾಚಿ ತೋರಿಸಿದರು. ಎರಡು ಬೆರಳು ಇರಲಿಲ್ಲ.

ಇನ್ನು ಕ್ಯಾಪ್ಸೂಲಿನ ವಿಷಯ. ನಮ್ಮ ಮಹಡಿಯ ಕೆಳಗಿನ ಮನೆಯ ಏಕಾಂಬರಂ ಬಹಳ ಕಾಲ ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಒಂದು ಸಂಜೆ ಇವರ ಕೈಯಲ್ಲಿದ್ದ ಡಬ್ಬಿ ನೋಡಿ, ಭಟ್ರೇ, ಇದರ ಮೇಲಿನ ಸಿಪ್ಪೆ ಯಾವುದರದ್ದು ಗೊತ್ತಾ, ನಾವು ತೊಗಲು ಕತ್ತರಿಸಿ ಉಳಿದ ಚೂರು ಲಾರಿಯಲ್ಲಿ ಹೋಗುತ್ತಿತ್ತಲ್ಲ, ಅದನ್ನು ಬೇಯಿಸಿಯೇ ಇದನ್ನು ಮಾಡುವುದು ಎಂದು ನಕ್ಕರಂತೆ. ಇವರು ಮೆಟ್ಟಿಲು ಹತ್ತಿ ಬಂದವರೇ ಡಬ್ಬಿಯನ್ನು ಬಚ್ಚಲಿನ ಕಿಟಕಿಯಲ್ಲಿ ಇಟ್ಟು ಕೈ ತೊಳೆದುಕೊಂಡರು. ಈರುಳ್ಳಿ ಹಾಕಿದ ಸೌಟನ್ನು ಕೂಡ ಬೇರೆ ಇಡುವ ಮನುಷ್ಯ.

ಮರುದಿನ ಬೆಳಿಗ್ಗೆ ಉಪಾಯ ಸಿದ್ಧವಾಗಿತ್ತು. ಸಿಪ್ಪೆ ಬಿಡಿಸಿ ಒಳಗಿನ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯುವುದು, ಸಿಪ್ಪೆಯನ್ನು ಕಸಕ್ಕೆ ಹಾಕುವುದು. ಡಾಕ್ಟರಮ್ಮನನ್ನು ಒಂದು ಮಾತು ಕೇಳೋಣವಾ ಎಂದೆ. "ಕೇಳಿದ್ರೆ, ಹಾಗಾದ್ರೆ ಬಿಟ್ಟುಬಿಡಿ ಅಂತಾರೆ. ಒಳಗಿನ ಔಷಧ ಹೊಟ್ಟೆಗೆ ಹೋದ್ರೆ ಆಯ್ತಲ್ವಾ?" ಎಂದರು. ಅದು ಸರಿ ಎಂದೇ ನನಗೂ ಕಂಡಿತು. ಅವರು ಬೆಳಗಿನ ಟ್ರೈನು ಹಿಡಿಯುವ ಮೊದಲು ಎರಡು ಲೋಟ ಕದಡಿ, ತಮ್ಮದನ್ನು ಕುಡಿದು, ನನ್ನದಕ್ಕೆ ತಟ್ಟೆ ಮುಚ್ಚಿ ಇಟ್ಟು ಹೋಗುತ್ತಿದ್ದರು. ನಾನು ಸ್ನಾನ ಮಾಡಿ ಬಂದು ಕುಡಿಯುತ್ತಿದ್ದೆ.

ಹೀಗೆ ಶುರುವಾದ ಕೆಲವು ದಿನಗಳಲ್ಲೇ ಹೋಟೆಲಿನಲ್ಲಿ ಒಂದು ಗಲಾಟೆಯಾಯಿತು. ಇವರು ಬೆಳಗಿನ ಕೇಸರಿಬಾತಿನ ರುಚಿ ನೋಡಿ ಸಕ್ಕರೆಯೇ ಬಿದ್ದಿಲ್ಲ ಎಂದು ಇನ್ನಷ್ಟು ಸುರಿಸಿದರು. ಮತ್ತೆ ನೋಡಿದರು, ಮತ್ತೆ ಸುರಿಸಿದರು. ಗಿಂಡಿಯ ಕಾರ್ಖಾನೆಗೆ ಹೋಗುವವರು ಒಂದು ಚಮಚ ಬಾಯಿಗಿಟ್ಟು ತಟ್ಟೆ ಹಿಂದಕ್ಕೆ ಕೊಟ್ಟರು. ಮಾಲಿಕರು ಎಲ್ಲರೆದುರು, ಭಟ್ರಿಗೆ ವಯಸ್ಸಾಯಿತು ಎಂದರಂತೆ. ಮನೆಗೆ ಬಂದು ಇವರು ಬಹಳ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದರು. ಅಂಥ ತಪ್ಪು ಮತ್ತೆ ಆಗಲಿಲ್ಲ. ಸದ್ಯ, ಏನೋ ಒಂದು ದಿನದ ಎಡವಟ್ಟು ಎಂದು ನಾನು ಮರೆತುಬಿಟ್ಟೆ.

ಚೌತಿಯ ಬೆಳಿಗ್ಗೆ ಪೂಜೆ ಮುಗಿಸಿ, ಮಜ್ಜಿಗೆ ಕುಡಿದು, ಪ್ರಸಾದವೆಂದು ಒಂದು ಚಿಟಿಕೆ ಪಂಚಕಜ್ಜಾಯ ಬಾಯಿಗೆ ಹಾಕಿಕೊಂಡೆ. ಬೆಲ್ಲ, ತೆಂಗಿನತುರಿ, ಎಳ್ಳು ಎಲ್ಲ ಇತ್ತು, ಸಿಹಿ ಇರಲಿಲ್ಲ. ಬಾಯಿ ತುಂಬ ಮರಳು ತುಂಬಿದ ಹಾಗಾಯಿತು. ಕಾಯಿಲೆ ಕಾಲಿನಿಂದ ನಾಲಿಗೆಗೆ ಏರಿತು ಎಂದು ಹೆದರಿದೆ. ಹಬ್ಬಕ್ಕೆಂದು ರಜೆ ಹಾಕಿ ಮನೆಯಲ್ಲಿದ್ದ ಇವರಿಗೆ ಹೇಳಿದೆ. "ಹೆದರಬೇಡ. ಆ ಸೊಪ್ಪಿನ ಗುಣವೇ ಹಾಗೆ. ಒಂದು ಗಳಿಗೆ ಸಿಹಿ ಗೊತ್ತಾಗುವುದಿಲ್ಲ, ಆಮೇಲೆ ಸರಿಯಾಗ್ತದೆ. ಅಂದ್ರೆ ನಿನಗೆ ನಿಜವಾದದ್ದೇ ಬಂದಿದೆ ಅಂತ ಆಯ್ತಲ್ಲ" ಎಂದರು. ನಿಮಗೆ? ಎಂದು ಕೇಳಿದೆ. "ನನಗೂ ಹಾಗೇ" ಎಂದರು, ಗಣಪತಿಯ ಕಡೆಗೆ ತಿರುಗಿ ದೀಪದ ಬತ್ತಿ ಸರಿಮಾಡುತ್ತಾ. ನನಗೆ ಆದ ಸಂತೋಷ ಎಷ್ಟೆಂದರೆ ಆ ಮರಳನ್ನೇ ಇನ್ನೊಂದು ಮುಷ್ಟಿ ತಿಂದೆ.

ನಿಜಕ್ಕೂ ಸಕ್ಕರೆ ಇಳಿಯತೊಡಗಿತು. ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರದಲ್ಲಿ ಬರುವ ಅಂಕಿಯನ್ನು ಇವರು ಹೋಟೆಲಿನಿಂದ ಫೋನ್ ಮಾಡಿ ಕೇಳುತ್ತಿದ್ದರು. ಹಿಂದೆ ಪಾಯಸದ ಅಳತೆಗೆ ನಮ್ಮ ತಂಗಿಯರು ಇವರಿಗೆ ಫೋನ್ ಮಾಡುತ್ತಿದ್ದದ್ದು ಹೀಗೆಯೇ. ಗಾಯದ ಅಂಚು ಒಳಗೆ ಸರಿಯಿತು. ಮೇಲೆ ತೆಳುವಾದ ಗುಲಾಬಿ ಚರ್ಮ ಕೂಡಿತು. ನಾವು ಮೂವರೂ ಅಂಕಿಯನ್ನು ನೋಡಿ ನಕ್ಕೆವು, ಅಳುವುದನ್ನು ಬಿಟ್ಟೆವು. ಈಗ ಯೋಚಿಸಿದರೆ ನನಗೆ ಕೋಪ ಬರುವುದು ಇದರ ಮೇಲೆ. ಎಲ್ಲರೂ ಅಂಕಿ ನೋಡುತ್ತಿದ್ದೆವು. ಕಾಲನ್ನು ಸರಿಯಾಗಿ ನೋಡುವವರು ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಗ್ಯಾಸ್ ಮುಗಿಯಿತು. ಮಾತ್ರೆ ನುಂಗಿ, ಮಜ್ಜಿಗೆ ಕುಡಿದು ಆಗಿತ್ತು. ದೋಸೆ ಹಿಟ್ಟು ಪಾತ್ರೆಯಲ್ಲಿ, ಸಿಲಿಂಡರ್ ದಾರಿಯಲ್ಲಿ. ಶುಭಾ ಆಫೀಸಿಗೆ ಹೊರಡುವ ತಯಾರಿಯಲ್ಲಿದ್ದಳು. ಕೈ ನಡುಗತೊಡಗಿತು, ಬೆನ್ನಿನ ಮೇಲೆ ತಣ್ಣನೆ ಬೆವರು ಇಳಿಯಿತು, ಅಡುಗೆಮನೆಯ ಗೋಡೆ ಹತ್ತಿರ ಬಂತು. ಅವಳಿಗೆ ತಕ್ಷಣ ಗೊತ್ತಾಯಿತು. ಸಕ್ಕರೆ ಡಬ್ಬಿಯಿಂದ ಒಂದು ಹಿಡಿ ತೆಗೆದು ನನ್ನ ಬಾಯಿಗೆ ಹಾಕಿದಳು. ಅದು ಮರಳಾಗಿತ್ತು. ನನ್ನ ಮಗಳು ನನ್ನ ಬಾಯಿಗೆ ಮರಳು ತುಂಬುತ್ತಿದ್ದಾಳೆ ಎಂದೇ ಆಗ ನಂಬಿದ್ದೆ. ಉಗಿದೆ. ಅವಳು ಮತ್ತೆ ಹಾಕಿದಳು. ಹಲ್ಲು ಕಚ್ಚಿ ಹಿಡಿದು ಅವಳ ಕೈಗೆ ಹೊಡೆದೆ, ಕೆಟ್ಟ ಮಾತು ಬೈದೆ. ನಾನು ಬೈದದ್ದು ಏನೆಂದು ಅವಳು ಇಂದಿಗೂ ಹೇಳಿಲ್ಲ. ಕೊನೆಗೆ ಏಕಾಂಬರಂ ಮತ್ತು ಆಟೋದವನು ಸೇರಿ ನನ್ನನ್ನು ಕೆಳಗೆ ಇಳಿಸಿದರಂತೆ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿದ ಮೇಲೆ ಕಣ್ಣು ಬಿಟ್ಟೆ. ತಿಂಡಿ ತಡವಾದದ್ದೇ ಕಾರಣ ಎಂದರು ವಾರ್ಡಿನ ಡಾಕ್ಟರು. ಮಾತ್ರೆ ನಿಲ್ಲಿಸಿ ಒಂದೆರಡು ದಿನ ಇಟ್ಟುಕೊಂಡು ನೋಡುತ್ತೇವೆ ಎಂದರು. ಮರುದಿನ ಬೆಳಿಗ್ಗೆ ಇವರು ಸ್ಟೀಲ್ ಫ್ಲಾಸ್ಕಿನಲ್ಲಿ ಮಜ್ಜಿಗೆ ತಂದರು. "ಒಂದು ದಿನವೂ ತಪ್ಪಿಸಬಾರದು, ಗಾಯ ಈಗ ಕೂಡ್ತಾ ಉಂಟು" ಎಂದು ಪರದೆ ಎಳೆದು ಕುಡಿಸಿದರು. ಕುಡಿದೆ. ತಿಂಡಿಯ ಗಾಡಿ ನಮ್ಮ ಮಂಚಕ್ಕೆ ಬರುವ ಮೊದಲೇ ಮತ್ತೆ ಬೆವರು, ಮತ್ತೆ ನಡುಕ.

ಈಗ ಡಾಕ್ಟರುಗಳಿಗೆ ಗಾಬರಿಯಾಯಿತು. ಮಾತ್ರೆಯೇ ಇಲ್ಲದೆ ಇಳಿಯುತ್ತಿದೆ ಎಂದರೆ ಟ್ರಯಲಿನ ಔಷಧ ಇರಬಹುದು ಎಂದು, ಮಲರ್ ಬೇರೆ ಊರಿಗೆ ಹೋಗಿದ್ದರಿಂದ ಅವರ ಆಫೀಸಿಗೆ ಫೋನ್ ಮಾಡಿ, ಆಪತ್ತಿನಲ್ಲಿ ಮಾತ್ರ ನೋಡಬಹುದಾದ ಗುಟ್ಟನ್ನು ಕಂಪ್ಯೂಟರಿನಲ್ಲಿ ತೆರೆಸಿದರು. ಉತ್ತರ ಬಂತು. ನನ್ನ ಪಾಲಿಗೆ ಬಂದದ್ದು ಬರೀ ಪಿಷ್ಟ.

ಔಷಧವಲ್ಲ ಎಂದಾದ ಮೇಲೆ ಬೇರೆ ಕಾರಣ ಹುಡುಕಬೇಕಲ್ಲ. ಕಿಡ್ನಿ ನೋಡಿದರು. ತಲೆ ಸ್ಕ್ಯಾನ್ ಮಾಡಿದರು. ಆಮೇಲೆ ದೊಡ್ಡ ಡಾಕ್ಟರು ಬಂದು ಮಂಚದ ತುದಿಯಲ್ಲಿ ನಿಂತು, ಮೇದೋಜೀರಕದಲ್ಲಿ ಗಡ್ಡೆ ಇದ್ದರೆ ಹೀಗಾಗುತ್ತದೆ, ನಾಳೆ ಹೊಟ್ಟೆಯ ಸ್ಕ್ಯಾನ್ ಮಾಡೋಣ ಎಂದರು. ಗಡ್ಡೆ ಎಂಬ ಮಾತು ಕೇಳಿ ಶುಭಾ ನನ್ನ ಕಾಲಿನ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಳು. ಇವರು ಕಿಟಕಿಯ ಬಳಿ ನಿಂತಿದ್ದರು. ನಾನು ಅವರ ಮುಖ ನೋಡಿದೆ. ಬೆಂದ ಅನ್ನದ ಹಾಗೆ ಬಿಳುಚಿಕೊಂಡಿತ್ತು. ಪಾಪ, ನನ್ನ ಚಿಂತೆಯಲ್ಲಿ ಹೀಗಾಗಿದ್ದಾರೆ ಎಂದುಕೊಂಡೆ. ಪಿಷ್ಟವಾದರೆ ಪಂಚಕಜ್ಜಾಯ ಯಾಕೆ ಮರಳಾಯಿತು ಎಂಬ ಪ್ರಶ್ನೆ ಮಂಜಾಗಿ ಬಂದು ಹೋಯಿತು. ಕೇಳುವ ಶಕ್ತಿ ಇರಲಿಲ್ಲ. ಆ ಇಡೀ ದಿನ ಮತ್ತು ಮುಂದಿನ ಸಂಜೆಯವರೆಗೆ ನಾನು ಸಾಯುವ ತಯಾರಿ ಮಾಡಿದೆ. ಶುಭಾಳಿಗೆ ನನ್ನ ಯಾವ ಸೀರೆ, ನಾದಿನಿಗೆ ಯಾವುದು ಎಂದೆಲ್ಲ ಯೋಚಿಸಿದೆ. ಅಷ್ಟು ಹೊತ್ತೂ ಇವರು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು, ತುಟಿ ಬಿಚ್ಚಲಿಲ್ಲ.

ಹೊಟ್ಟೆಯ ಸ್ಕ್ಯಾನಿನಲ್ಲಿ ಗಡ್ಡೆ ಕಾಣಲಿಲ್ಲ. ಇನ್ನೂ ಸೂಕ್ಷ್ಮವಾದ ಬೇರೆ ಪರೀಕ್ಷೆ ಮಾಡಬೇಕೆಂದರು. ಅದರ ಮರುದಿನ ಬೆಳಿಗ್ಗೆಯೂ ಫ್ಲಾಸ್ಕ್ ಬಂತು. ಇವರು ಪರದೆ ಎಳೆದು ಕುಡಿಸಿದರು. ಅಷ್ಟರಲ್ಲಿ ಊರಿನಿಂದ ವಾಪಸಾದ ಮಲರ್ ನೇರವಾಗಿ ನನ್ನನ್ನು ನೋಡಲು ಬಂದರು. ಬೆರಳು ಚುಚ್ಚಿ ನೋಡಿದರು, ಅಂಕಿ ಇಳಿಯುತ್ತಿತ್ತು. ತಾವೇ ಗ್ಲೂಕೋಸ್ ಕದಡಿ ನನ್ನ ತುಟಿಗೆ ಹಿಡಿದರು. ಒಂದು ಗುಟುಕು ಕುಡಿದು, ಡಾಕ್ಟರ್, ನೀವು ಪುಡಿ ಹಾಕಲು ಮರೆತಿದ್ದೀರಿ, ಇದು ಬರೀ ನೀರು ಎಂದೆ.

ಮಲರ್ ಅವರ ಕೈ ಅಲ್ಲೇ ನಿಂತಿತು. ಬೆಳಿಗ್ಗೆ ಏನು ಕುಡಿದಿರಿ ಎಂದು ಕೇಳಿದರು. ನಾನು ಫ್ಲಾಸ್ಕಿನ ಕಡೆ ಕೈ ತೋರಿಸಿದೆ. ಅದರ ಮುಚ್ಚಳ ತೆಗೆದು ಮೂಸಿ, ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡು, ನರ್ಸನ್ನು ಕೂಗಿ ಡ್ರಿಪ್ ಹಾಕಲು ಹೇಳಿದರು. ಆಮೇಲೆ ಇವರ ಕಡೆ ತಿರುಗಿ, ಕ್ಯಾಪ್ಸೂಲು ಒಡೆದಿರಾ ಎಂದರು.

"ಅದರ ಸಿಪ್ಪೆ ಚರ್ಮದ್ದು ಅಂತ..." ಎಂದರು ಇವರು.

"ಯಾರು ಹೇಳಿದರು?" ಮಲರ್ ಸ್ವರ ಏರಿಸಲಿಲ್ಲ. "ಅದು ಗಿಡದ ನಾರಿನಿಂದ ಮಾಡಿದ್ದು. ಈ ಊರಿನಲ್ಲಿ ಅದನ್ನು ಯೋಚಿಸದೆ ಟ್ರಯಲ್ ಶುರುಮಾಡುತ್ತೇವಾ? ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ನಾಲಿಗೆಗೆ ತಾಗಿದರೆ ಗುಟ್ಟು ಬಯಲಾಗುತ್ತದೆ ಎಂದೇ ಅದನ್ನು ಸಿಪ್ಪೆಯೊಳಗೆ ಇಟ್ಟದ್ದು." ಫ್ಲಾಸ್ಕ್ ಎತ್ತಿ ಹಿಡಿದು, "ಆದರೆ ನಿಮ್ಮ ಹೆಂಡತಿಯ ಡಬ್ಬಿಯಲ್ಲಿ ಇರುವುದು ಪಿಷ್ಟ. ಇದು ಎಲ್ಲಿಂದ ಬಂತು?" ಎಂದರು.

"ಅಪ್ಪಾ, ಇದು ಉಂಗಳೋಡದಾ?" ಎಂದು ಶುಭಾ ಕೇಳಿದಳು. ನಿಮ್ಮದಾ ಎಂದು.

ನಲವತ್ತು ವರ್ಷ ತಮಿಳಿನಲ್ಲಿ ವ್ಯವಹಾರ ಮಾಡಿದವರಿಗೆ ಆ ಹೊತ್ತಿಗೆ ಬಂದದ್ದು ಕನ್ನಡವೇ. "ಹೌದು, ನನ್ನದೇ. ಕೇಸರಿಬಾತು ಕೆಟ್ಟ ದಿನವೇ ನನಗೆ ಗೊತ್ತಾಯ್ತು. ಮರುದಿನ ಅವಳದ್ದನ್ನೂ ಚೂರು ನಾಲಿಗೆಗೆ ಹಾಕಿ ನೋಡಿದೆ, ಬರೀ ಹಿಟ್ಟು. ಹಿಟ್ಟು ಕದಡಿ ಅವಳಿಗೆ ಎಷ್ಟು ದಿನ ಕೊಡುವುದು? ಕಾಲು ಹೋಗ್ತದೆ ಅಂತ ಹೇಳಿದ್ದು ಅವಳಿಗೆ, ನನಗಲ್ಲ. ಹಾಗಾಗಿ ಲೋಟ ಅದಲುಬದಲು ಮಾಡಿದೆ. ಹೇಳಿದ್ರೆ ಹೊರಗೆ ಹಾಕ್ತೀರಿ, ಅದೂ ನಿಲ್ತದೆ ಅಂತ ಹೇಳ್ಲಿಲ್ಲ." ಅಪ್ಪ ಹೇಳಿದ್ದನ್ನು ಒಂದೊಂದೇ ವಾಕ್ಯವಾಗಿ ಡಾಕ್ಟರಿಗೆ ತಮಿಳಿನಲ್ಲಿ ಹೇಳಬೇಕಾಗಿ ಬಂದದ್ದು ಶುಭಾಳಿಗೆ. ಹಿಟ್ಟು ಎನ್ನುವ ಹೊತ್ತಿಗೆ ಅವಳಿಗೆ ಅಳು ಬಂತು. ಆದರೂ ಬಿಡದೆ ಹೇಳಿ ಮುಗಿಸಿದಳು.

ನಿನ್ನೆ ಮೊನ್ನೆ ಗಡ್ಡೆ ಹುಡುಕುತ್ತಿದ್ದಾಗಲೂ ನೀವು ಇಲ್ಲೇ ಇದ್ದಿರಾ ಎಂದು ಮಲರ್ ಕೇಳಿದರು. ಇವರು ತಲೆ ತಗ್ಗಿಸಿದರು. ಅಷ್ಟೇ, ಮಲರ್ ಮತ್ತೆ ಅವರ ಜೊತೆ ಮಾತಾಡಲಿಲ್ಲ. ನನ್ನ ಹೊದಿಕೆ ಸರಿಸಿ, ಈ ಡ್ರೆಸ್ಸಿಂಗ್ ಕೊನೆಯ ಸಲ ಯಾವಾಗ ಬಿಚ್ಚಿದ್ದು ಎಂದು ನರ್ಸನ್ನು ಕೇಳಿದರು. ತಲೆ, ಕಿಡ್ನಿ, ಹೊಟ್ಟೆ ಎಂದು ಓಡಾಡಿದ ಆ ದಿನಗಳಲ್ಲಿ ಕಾಲಿನ ಬಟ್ಟೆಯನ್ನು ಯಾರೂ ಮುಟ್ಟಿರಲಿಲ್ಲ. ಬಿಚ್ಚಿದಾಗ ಮೇಲಿನ ಗುಲಾಬಿ ಚರ್ಮ ಹಾಗೆಯೇ ಇತ್ತು, ಅದರ ಸುತ್ತ ಪಾದ ನೀಲಿಗಟ್ಟಿತ್ತು. ಒತ್ತಿದರೆ ಬೆರಳಿನ ಸಂದಿಯಿಂದ ಕೀವು ಬಂತು. ನನಗೆ ನೋವೇ ಇರಲಿಲ್ಲ.

ಕೀವು ಮೂಳೆಗೆ ಇಳಿದಿತ್ತು. ಬೆರಳು, ಪಾದ ಎಂಬ ಲೆಕ್ಕಾಚಾರವೆಲ್ಲ ಮುಗಿದು, ಮೊಣಕಾಲಿನ ಕೆಳಗೆ ತೆಗೆಯಬೇಕು, ಬೇಗ ತೆಗೆಯಬೇಕು ಎಂದಾಯಿತು. ಗಡ್ಡೆ ಹುಡುಕುತ್ತಿದ್ದಾಗಲೇ ಕಾಲು ನೋಡಿದ್ದರೆ ಉಳಿಯುತ್ತಿತ್ತಾ ಎಂದು ಸರ್ಜನ್ ಅವರನ್ನು ಕೇಳಿದೆ. ಈ ಸಲ ಅವರು ನನ್ನ ಮುಖ ನೋಡಿ ಮಾತಾಡಿದರು. ಪಾದದ ಹಿಂಭಾಗ ಉಳಿಯಬಹುದಿತ್ತು, ಖಂಡಿತ ಎಂದು ಹೇಳಲಾರೆ ಎಂದರು. ಈ ಒಂದು ವಾಕ್ಯವನ್ನು ನಾನು ಇನ್ನೂ ಜಗಿಯುತ್ತಿದ್ದೇನೆ.

ಆಪರೇಷನ್ನಿನ ದಿನ ಮಲರ್ ಬಂದರು. ಅಷ್ಟರಲ್ಲಿ ನಮ್ಮಿಬ್ಬರನ್ನೂ ಟ್ರಯಲಿನಿಂದ ತೆಗೆದಿದ್ದರು, ಅವರು ಬರಬೇಕಾದ್ದೇ ಇರಲಿಲ್ಲ. ಗಾಲಿಮಂಚದ ಪಕ್ಕ ನಡೆಯುತ್ತಾ ಆಪರೇಷನ್ ಕೋಣೆಯ ಬಾಗಿಲವರೆಗೂ ನನ್ನ ಕೈ ಹಿಡಿದಿದ್ದರು. ಆ ಸೊಪ್ಪಿನಿಂದಲೇ ನನ್ನ ಸಕ್ಕರೆ ಇಳಿದದ್ದಾ ಎಂದು ಕೇಳಿದೆ. ಗೊತ್ತಿಲ್ಲ, ನಿಮ್ಮಿಬ್ಬರ ರಕ್ತದಿಂದ ಇನ್ನು ನಮಗೆ ಏನೂ ತಿಳಿಯುವ ಹಾಗಿಲ್ಲ ಎಂದರು. ಬೈಯುವ ಸ್ವರವಿರಲಿಲ್ಲ, ಬಳಲಿಕೆ ಇತ್ತು. ಅಷ್ಟು ತಿಂಗಳು ಹಸಿದ ಹೊಟ್ಟೆಯಲ್ಲಿ ಕೊಟ್ಟ ರಕ್ತ ಯಾರ ಉಪಯೋಗಕ್ಕೂ ಬರಲಿಲ್ಲ ಎಂದು ನನಗೆ ತುಂಬ ನೋವಾಯಿತು. ಕಾಲಿಗಾಗಿ ಅತ್ತದ್ದು ಆಮೇಲೆ.

ಕಾಲು ಹೋದ ಮೇಲೆ ಮನೆಗೆ ಬಂದವರೆಲ್ಲ ಇವರನ್ನು ಹೊಗಳಿದರು. ತನ್ನ ಪಾಲಿನ ಔಷಧವನ್ನು ಹೆಂಡತಿಗೆ ಕೊಟ್ಟು ತಾನು ಹಿಟ್ಟು ಕುಡಿದ ಗಂಡ ಯಾರಿಗೆ ಸಿಗುತ್ತಾನೆ ಎಂದರು. ನನ್ನ ನಾದಿನಿ ಕಣ್ಣು ಒರೆಸಿಕೊಂಡಳು. ಪುಣ್ಯವಂತೆ ಎಂದು ನನಗೆ ಹೇಳುವಾಗ ಅವರ ಕಣ್ಣು ನನ್ನ ಖಾಲಿ ಸೀರೆಯ ನೆರಿಗೆಯ ಮೇಲೆ ಇರುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕು ಎನ್ನಿಸುತ್ತಿತ್ತು. ಇವರು ಕೊಟ್ಟದ್ದಕ್ಕೆ ನನಗೆ ಕೋಪವಿಲ್ಲ. ಗಡ್ಡೆ ಎಂದು ಹೇಳಿದ ದಿನ, ನಾನು ಮನಸ್ಸಿನಲ್ಲೇ ಸೀರೆ ಹಂಚುತ್ತಾ ಮಲಗಿದ್ದಾಗ, ಕಾರಣ ಗೊತ್ತಿದ್ದೂ ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕೂತಿದ್ದರಲ್ಲ, ಅದಕ್ಕೆ ಕೋಪ. ಇದನ್ನು ಬಂದವರಿಗೆ ಹೇಳಿದರೆ, ನಿನ್ನ ಮೇಲಿನ ಪ್ರೀತಿಗೇ ಅಲ್ವಾ ಎನ್ನುತ್ತಾರೆ. ಪ್ರೀತಿಗೇ. ಅದು ಗೊತ್ತಿರುವುದರಿಂದಲೇ ಜಗಳ ಆಡಲೂ ದಾರಿಯಿಲ್ಲದೆ ಉಸಿರು ಕಟ್ಟುತ್ತದೆ.

ಈ ಕಾಯಿಲೆಯಿರುವ ಯಾರಾದರೂ ಇದನ್ನು ಓದುತ್ತಿದ್ದರೆ ನಾನು ಹೇಳುವುದು ಇಷ್ಟೇ. ಅಂಕಿ ಇಳಿಯಿತು ಎಂದು ಎಲ್ಲರೂ ಸಂಭ್ರಮಪಡುವಾಗ ನಿಮ್ಮ ಕಾಲಿನ ಬಟ್ಟೆ ಬಿಚ್ಚಿ ನೋಡಿ ಎಂದು ಗಟ್ಟಿಯಾಗಿ ಕೇಳಿ. ನೋವಿಲ್ಲ ಎಂದು ಸುಮ್ಮನಿರಬೇಡಿ. ಮತ್ತೆ, ನಿಮಗೆ ಏನು ಕುಡಿಸುತ್ತಿದ್ದಾರೆ ಎಂದು ಕುಡಿಸುವ ಕೈ ಯಾರದ್ದೇ ಆಗಿರಲಿ, ಕೇಳಿ. ರಾತ್ರಿ ಹೊತ್ತು, ಈಗ ಇಲ್ಲದ ಪಾದದ ಬೆರಳು ಉರಿಯುತ್ತದೆ. ಇದ್ದಾಗ ಸುಟ್ಟರೂ ಗೊತ್ತಾಗದ ಪಾದ, ಈಗ ಬಿಟ್ಟೂ ಬಿಡದೆ ನೋಯುತ್ತದೆ. ಇದು ನಿಮಗೂ ಆದರೆ ಹುಚ್ಚು ಹಿಡಿಯಿತು ಎಂದು ಹೆದರಬೇಡಿ. ನನಗೂ ಆಗುತ್ತದೆ.

ಇವರು ಹೋಟೆಲಿನ ಕೆಲಸ ಬಿಟ್ಟರು. ಈಗ ಮನೆಯಲ್ಲಿ ಅವರದ್ದೇ ಅಡುಗೆ. ಜೀವಮಾನವಿಡೀ ಸಾವಿರಾರು ಜನರಿಗೆ ಕೇಳದೆ ಉಪ್ಪು ಹಾಕಿದವರು ಈಗ ಪ್ರತಿಯೊಂದಕ್ಕೂ ನನ್ನನ್ನು ಕೇಳುತ್ತಾರೆ. ಸಾರಿಗೆ ಇಂಗು ಹಾಕಲಾ? ಫ್ಯಾನ್ ಹಾಕಲಾ? ಕಿಟಕಿ ತೆರೆಯಲಾ? ಕೃತಕ ಕಾಲು ಹಾಕುವಾಗ ಪಟ್ಟಿಯ ಒಂದೊಂದು ಬಕಲಿಗೂ, ಬಿಗಿ ಮಾಡಲಾ ಎಂದು ನಿಂತು ನೋಡುತ್ತಾರೆ. ಮೊದಮೊದಲು ಕನಿಕರವಾಗುತ್ತಿತ್ತು. ಆಮೇಲೆ ರೇಗಿತು. ಈಗ ಎರಡೂ ಇಲ್ಲ, ಹ್ಞೂಂ ಅಥವಾ ಬೇಡ ಎನ್ನುತ್ತೇನೆ.

ಮೊನ್ನೆ ಬೆಳಿಗ್ಗೆ ನನ್ನ ಮಾತ್ರೆ ಕೈಗೆ ಕೊಟ್ಟು, ನೀರು ಕೊಟ್ಟು, ಹೋಗದೆ ಅಲ್ಲೇ ನಿಂತರು. ಎಂತ ಎಂದೆ.

"ಆ ದಿನ ನಿನ್ನನ್ನು ಕೇಳಿದ್ದರೆ, ನನ್ನದನ್ನು ತೆಗೆದುಕೊಳ್ತೀಯಾ ಅಂತ, ನೀನು ಎಂತ ಹೇಳ್ತಿದ್ದೆ?"

ಬಹುಶಃ ಅವರು ತಿಂಗಳುಗಟ್ಟಲೆ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗಿದ್ದಿರಬೇಕು. ಬೇಡ ಎನ್ನುತ್ತಿದ್ದೆ ಎಂದರೆ, ಹಾಗಾದರೆ ಕೇಳದೆ ಕೊಟ್ಟದ್ದೇ ಸರಿ ಎಂದು ಅವರಿಗೆ ಸಮಾಧಾನವಾಗುತ್ತಿತ್ತು. ಆ ಒಂದು ಸಮಾಧಾನವನ್ನು ಕೊಟ್ಟುಬಿಡಬಹುದಿತ್ತು. ನಾನು ಮಾತ್ರೆ ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟೆ.

"ಹ್ಞೂಂ ಅಂತಿದ್ದೆ. ನಿಮ್ಮ ಪಾಲಿನದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ತಿದ್ದೆ. ನನಗೆ ಕಾಲು ಬೇಕಿತ್ತು" ಎಂದೆ. "ಆದರೆ ಆಸ್ಪತ್ರೆ ಸೇರಿದ ದಿನವೇ ಡಾಕ್ಟರಿಗೆ ನಾನೇ ಹೇಳಿಬಿಡ್ತಿದ್ದೆ."